ಫೋಟೋ ಒಡೆಯೋದು ಯಾಕೆ? ಪ್ರಾಜೆಕ್ಟ್‌ಗೆ ಚಿತ್ರ ಸೇರಿಸುವವರಿಗೆ ಒಂದಿಷ್ಟು ವಿವರ

ಚಿತ್ರದುರ್ಗದಲ್ಲಿರುವ ಅಕ್ಕನ ಮಗಳಿಗೆ ಈಗ ಎಂಟನೇ ಕ್ಲಾಸು. ನವೆಂಬರ್ 11ರ ಒನಕೆ ಓಬವ್ವ ಜಯಂತಿಗೆ ಒಂದು ಪೋಸ್ಟರ್ ಮಾಡಿಕೊಂಡು ಬರಲು ಅವಳಿಗೆ ಶಾಲೆಯಲ್ಲಿ ಹೇಳಿದ್ದರು. ಅವಳು ಹಾಕಿಕೊಂಡ ಪ್ಲಾನ್ ಚೆನ್ನಾಗೇ ಇತ್ತು. ಹಿಂದೆ ಕೋಟೆಯ ಬಂಡೆಗಳು. ಕೆಳಗೆ ಒಂದು ಸಾಲಿನಲ್ಲಿ ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ, ಹಿಡಿಂಬೇಶ್ವರ ಗುಡಿ. ಮುಂದೆ, ಕಚ್ಚೆ ಸೀರೆ ಉಟ್ಟು ಒನಕೆ ಎತ್ತಿ ನಿಂತ ಓಬವ್ವನಾಗಿ ಅವಳೇ. ಎರಡು ದಿನ ಕೂತು ಮಾಡಿದಳು. ಅಂಗಡಿಗೆ ಹೋಗಿ ಕಲರ್ ಪ್ರಿಂಟ್ ತೆಗೆಸಿದರೆ ಕೋಟೆಯೆಲ್ಲ ಚೌಕ ಚೌಕ. ಕಿಂಡಿಯ ಫೋಟೋ ಮಂಜು ಮಂಜು. "ಮಾಮ, ಸ್ಕ್ರೀನ್ ಮೇಲೆ ಸರಿಯಾಗೇ ಇತ್ತು. ಪ್ರಿಂಟ್‌ನಲ್ಲಿ ಫೋಟೋ ಒಡೆದು ಹೋಗಿದೆ" ಅಂತ ಅಳುಮುಖದಲ್ಲೇ ವಿಡಿಯೋ ಕಾಲ್ ಮಾಡಿದಳು.

ನಾನು ದಾವಣಗೆರೆಯಲ್ಲಿ ಮದುವೆ ಆಲ್ಬಂ, ಲಗ್ನಪತ್ರಿಕೆ, ಬ್ಯಾನರ್ ಡಿಸೈನ್ ಮಾಡುವವನು. "ಫೋಟೋ ಒಡೆದಿದೆ" ಅನ್ನೋ ಮಾತು ನನ್ನ ಕಿವಿಗೆ ದಿನಾ ಬೀಳುತ್ತದೆ. ದುಗ್ಗಮ್ಮನ ಜಾತ್ರೆ ಸಮಯದಲ್ಲಂತೂ ಇನ್ನೂ ಜಾಸ್ತಿ. ಎಲ್ಲರೂ ಬೈಯೋದು ಪ್ರಿಂಟರ್‌ಗೆ. ಆದರೆ ಫೋಟೋ ಒಡೆಯೋದು ಅಲ್ಲಿ ಅಪರೂಪ. ಅದು ಮೊದಲೇ ಒಡೆದಿರುತ್ತದೆ, ನೀವು ಅದನ್ನು ಪ್ರಾಜೆಕ್ಟ್‌ಗೆ, ಅಂದರೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿರುವ ಫೈಲ್‌ಗೆ, ತಂದು ಇಟ್ಟ ಘಳಿಗೆಯಲ್ಲೇ. ಆ ಒಂದು ಘಳಿಗೆಯಲ್ಲಿ ಏನಾಗುತ್ತದೆ ಅಂತ ಗೊತ್ತಾದರೆ ಮುಂದಿನ ಅರ್ಧ ಕಷ್ಟ ಇರೋದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಚುಕ್ಕಿ ಎಣಿಸದೆ ರಂಗೋಲಿ ಇಡಬೇಡಿ

ಫೋಟೋಗೆ ಇಂಚು, ಅಡಿ ಅಂತ ಸ್ವಂತ ಅಳತೆ ಏನೂ ಇಲ್ಲ. ಅದಕ್ಕಿರೋದು ಚುಕ್ಕಿಗಳ ಲೆಕ್ಕ ಮಾತ್ರ. ಆ ಚುಕ್ಕಿಗಳನ್ನೇ ಪಿಕ್ಸೆಲ್ ಅನ್ನೋದು. ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಹದಿನೈದು ಚುಕ್ಕಿಯ ರಂಗೋಲಿಯನ್ನು ಹೊಸಿಲ ಮುಂದೆ ಇಟ್ಟರೆ ತುಂಬಿಕೊಂಡು ಕಾಣುತ್ತದೆ. ಅದೇ ಹದಿನೈದು ಚುಕ್ಕಿಯನ್ನು ದೇವಸ್ಥಾನದ ಅಂಗಳಕ್ಕೆಲ್ಲ ಹರಡಿದರೆ? ಚುಕ್ಕಿ ಹೆಚ್ಚಾಗೋದಿಲ್ಲ, ನಡುವಿನ ಜಾಗ ಹೆಚ್ಚಾಗುತ್ತದೆ. ಗೆರೆ ಬಿಡಿಬಿಡಿಯಾಗಿ ಕಾಣುತ್ತದೆ. ಫೋಟೋ ಒಡೆಯೋದು ಅಂದರೆ ಇದೇ.

ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅನ್ನೋದಕ್ಕೆ ರೆಸಲ್ಯೂಷನ್ ಅಂತಾರೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇಂಚಿಗೆ 300 ಇದ್ದರೆ ಒಳ್ಳೆಯದು. 240 ಇದ್ದರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. 150ಕ್ಕಿಂತ ಕೆಳಗೆ ಹೋದರೆ ಗೊತ್ತಾಗೋಕೆ ಶುರು.

ಈಗ ಹುಡುಗಿಯ ಪೋಸ್ಟರ್ ನೋಡೋಣ. ಅದು ಎ3 ಹಾಳೆ, ಸುಮಾರು 11.7 ಇಂಚು ಅಗಲ, 16.5 ಇಂಚು ಎತ್ತರ. ಇಂಚಿಗೆ 300ರಂತೆ ಲೆಕ್ಕ ಹಾಕಿದರೆ ಪ್ರಾಜೆಕ್ಟ್ 3508 ಪಿಕ್ಸೆಲ್ ಅಗಲ, 4961 ಪಿಕ್ಸೆಲ್ ಎತ್ತರ ಇರಬೇಕು. ಅದನ್ನು ಅವಳು ಸರಿಯಾಗೇ ಮಾಡಿದ್ದಳು. ಕೋಟೆಯ ಫೋಟೋ ತೆಗೆದಿದ್ದು ಅವರಪ್ಪನ ಮೊಬೈಲ್‌ನಲ್ಲಿ, 12 ಮೆಗಾಪಿಕ್ಸೆಲ್. ನೆಟ್ಟಗೆ ಹಿಡಿದು ತೆಗೆದಿದ್ದರಿಂದ 3000 ಅಗಲ, 4000 ಎತ್ತರ. ಇದು ಪೋಸ್ಟರ್ ತುಂಬಬೇಕಾದರೆ ಒಂದೂಕಾಲು ಪಟ್ಟು ಹಿಗ್ಗಿಸಿದರೆ ಸಾಕು. ಇಂಚಿಗೆ ಹತ್ತಿರ ಹತ್ತಿರ 240 ಚುಕ್ಕಿ ಸಿಗುತ್ತದೆ. ತೊಂದರೆಯೇ ಇಲ್ಲ.

ಆದರೆ ಆ ಫೋಟೋ ಅಪ್ಪನ ಮೊಬೈಲ್‌ನಿಂದ ಲ್ಯಾಪ್‌ಟಾಪ್‌ಗೆ ಬಂದಿದ್ದು ವಾಟ್ಸಾಪ್‌ನಲ್ಲಿ. ಎಡವಿದ್ದು ಅಲ್ಲಿ. ವಾಟ್ಸಾಪ್ ಮಾಮೂಲಿಯಾಗಿ ಕಳಿಸಿದ ಫೋಟೋವನ್ನು ಕುಗ್ಗಿಸುತ್ತದೆ. ಅವಳ ಕೈಗೆ ಸಿಕ್ಕಿದ್ದು 1200ಕ್ಕೆ 1600. ಪೋಸ್ಟರ್ ತುಂಬಲು ಅದನ್ನು ಮೂರು ಪಟ್ಟಿಗಿಂತ ಜಾಸ್ತಿ ಎಳೆದಿದ್ದಳು. ಇಂಚಿಗೆ ನೂರು ಚುಕ್ಕಿಯೂ ಉಳಿಯಲಿಲ್ಲ.

ಸರಿ, ಚುಕ್ಕಿ ಕಮ್ಮಿಯಾದರೆ ಮಸುಕಾಗಬೇಕು. ಚೌಕ ಚೌಕ ಬಂದಿದ್ದು ಯಾಕೆ? ಇಲ್ಲಿ ಜೆಪೆಗ್, ಅಂದರೆ ಫೋಟೋಗಳು ಸಾಮಾನ್ಯವಾಗಿ ಸೇವ್ ಆಗುವ ಫೈಲ್ ಬಗೆ, ಕೆಲಸ ಮಾಡುವ ರೀತಿ ಗೊತ್ತಿರಬೇಕು. ಜೆಪೆಗ್ ಫೈಲ್ ಸಣ್ಣದು ಮಾಡುವಾಗ ಇಡೀ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ನ ಪುಟ್ಟ ಪುಟ್ಟ ಚೌಕಗಳಾಗಿ ಹೆಚ್ಚುತ್ತದೆ. ಒಂದೊಂದು ಚೌಕದಲ್ಲೂ ಸೂಕ್ಷ್ಮ ವಿವರ ಬಿಟ್ಟು ದಪ್ಪ ವಿವರ ಮಾತ್ರ ಇಟ್ಟುಕೊಳ್ಳುತ್ತದೆ. ಫೈಲನ್ನು ಹೆಚ್ಚು ಹೆಚ್ಚು ಸಣ್ಣದು ಮಾಡಿದಷ್ಟೂ ಒಂದು ಚೌಕಕ್ಕೂ ಪಕ್ಕದ್ದಕ್ಕೂ ಹೊಂದಿಕೆ ತಪ್ಪಿ ಅಂಚು ಕಾಣುತ್ತದೆ. ಮೊಬೈಲ್ ಸ್ಕ್ರೀನ್‌ನಲ್ಲಿ ಆ ಚೌಕ ಕಣ್ಣಿಗೆ ಬೀಳದಷ್ಟು ಸಣ್ಣದು. ಮೂರು ಪಟ್ಟು ಹಿಗ್ಗಿಸಿ ಇಂಚಿಗೆ 300ರಂತೆ ಪ್ರಿಂಟ್ ತೆಗೆದಾಗ ಒಂದೊಂದು ಚೌಕವೂ ಎರಡು ಮಿಲಿಮೀಟರ್ ಆಗುತ್ತದೆ. ಕಡಲೆಬೇಳೆ ಗಾತ್ರ ಅಲ್ಲದಿದ್ದರೂ ಸಾಸಿವೆ ಗಾತ್ರ ಖಂಡಿತ. ಬಂಡೆಯ ಮೈಯಲ್ಲಿ, ಆಕಾಶದ ನೀಲಿಯಲ್ಲಿ ಅದು ಎದ್ದು ಕಾಣುತ್ತದೆ.

ಸ್ಕ್ರೀನ್‌ನಲ್ಲಿ ಯಾಕೆ ಕಾಣಲಿಲ್ಲ ಅಂದರೆ, ಎ3 ಪ್ರಾಜೆಕ್ಟ್ ಪೂರ್ತಿ ಒಂದು ಸಣ್ಣ ಲ್ಯಾಪ್‌ಟಾಪ್ ಪರದೆಯೊಳಗೆ ಕೂರಬೇಕಾದರೆ ಅದನ್ನು ಶೇಕಡಾ 15ರ ಹತ್ತಿರ ಕುಗ್ಗಿಸಿ ತೋರಿಸುತ್ತಿರುತ್ತದೆ. ಅಷ್ಟು ದೂರದಿಂದ ನೋಡಿದರೆ ಎಲ್ಲ ಫೋಟೋನೂ ಚೆಂದವೇ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಜೊತೆ 1 ಒತ್ತಿದರೆ ನೂರಕ್ಕೆ ನೂರು ಅಳತೆಯಲ್ಲಿ ಕಾಣುತ್ತದೆ. ಜಿಂಪ್ ಅನ್ನೋ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಬರೀ 1 ಒತ್ತಿದರೆ ಸಾಕು. ಒಂದೊಂದು ಫೋಟೋ ತಂದ ಕೂಡಲೇ ಒಮ್ಮೆ ಹೀಗೆ ನೋಡಿ. ಮುಖ, ಕಣ್ಣು, ಅಕ್ಷರ ಇರುವ ಜಾಗ ನೋಡಿ. ಅಲ್ಲಿ ಚೆನ್ನಾಗಿದ್ದರೆ ಪ್ರಿಂಟ್‌ನಲ್ಲೂ ಚೆನ್ನಾಗಿರುತ್ತದೆ.

ಫೋಟೋ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲೇ ಬೇಕಾದರೂ ತರಿಸಿಕೊಳ್ಳಿ, ಆದರೆ "ಡಾಕ್ಯುಮೆಂಟ್ ಆಗಿ ಕಳಿಸಿ" ಅನ್ನಿ. ಹಾಗೆ ಕಳಿಸಿದರೆ ಒಂದು ಚುಕ್ಕಿಯೂ ಕಮ್ಮಿಯಾಗೋದಿಲ್ಲ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಮಾಮೂಲಿಗಿಂತ ವಾಸಿ, ಆದರೂ ಅದು ಮೂಲ ಫೋಟೋ ಅಲ್ಲ. ಕೇಬಲ್ ಹಾಕಿ ಕಾಪಿ ಮಾಡಿಕೊಂಡರೆ ಇನ್ನೂ ನಿಶ್ಚಿಂತೆ.

ಬ್ಯಾನರ್ ಮಾಡುವವರು ಗಾಬರಿಯಾಗೋದು ಬೇಡ. ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಬ್ಯಾನರ್‌ಗೆ ಇಂಚಿಗೆ 300 ಅಂದರೆ 36,000 ಪಿಕ್ಸೆಲ್ ಅಗಲ ಆಗುತ್ತದೆ, ಕಂಪ್ಯೂಟರ್ ಉಸಿರು ಕಟ್ಟುತ್ತದೆ. ಸರ್ಕಲ್‌ನಲ್ಲಿ ಕಟ್ಟಿದ್ದನ್ನು ಯಾರೂ ಮೂಗು ತಾಗಿಸಿ ನೋಡೋದಿಲ್ಲ. ಇಂಚಿಗೆ 72 ಸಾಕು, 8640ಕ್ಕೆ 6912. ದೂರ ಹೆಚ್ಚಿದಂತೆ ಚುಕ್ಕಿಯ ಅಗತ್ಯ ಕಮ್ಮಿಯಾಗುತ್ತದೆ.

ಒಳಗೆ ಬರಲು ಮೂರು ಬಾಗಿಲು

ಇನ್ನು ಕಿಂಡಿಯ ಫೋಟೋ. ಅದನ್ನು ಅವಳು ಕೇಬಲ್ ಹಾಕಿಯೇ ತಂದಿದ್ದಳು. ಚುಕ್ಕಿ ಬೇಕಾದಷ್ಟಿತ್ತು. ಆದರೂ ಮಂಜಾಯಿತು. ಕಾರಣ ಅದು ಒಳಗೆ ಬಂದ ಬಾಗಿಲು.

ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಚಿತ್ರ ತರಲು ಮೂರು ದಾರಿಗಳಿವೆ: ಓಪನ್, ಪೇಸ್ಟ್, ಪ್ಲೇಸ್. ಹೊಸಬರಿಗೆ ಮೂರೂ ಒಂದೇ ಅನ್ನಿಸುತ್ತದೆ. ಓಪನ್ ಅಂದರೆ ಆ ಚಿತ್ರ ಬೇರೆ ಟ್ಯಾಬ್‌ನಲ್ಲಿ, ತನ್ನದೇ ಅಳತೆಯಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಪ್ರಾಜೆಕ್ಟ್‌ಗೂ ಅದಕ್ಕೂ ಇನ್ನೂ ಸಂಬಂಧ ಇಲ್ಲ. "ಓಪನ್ ಮಾಡಿದೆ, ಪೋಸ್ಟರ್ ಮಾಯ ಆಯ್ತು" ಅಂತ ಎಷ್ಟೋ ಜನ ಹೆದರುತ್ತಾರೆ. ಮಾಯ ಆಗಿರೋದಿಲ್ಲ, ಪಕ್ಕದ ಟ್ಯಾಬ್‌ನಲ್ಲಿರುತ್ತದೆ.

ಪೇಸ್ಟ್ ಅಂದರೆ ಆ ಚಿತ್ರದ ಚುಕ್ಕಿಗಳನ್ನೆಲ್ಲ ಸುರಿದುಕೊಂಡು ಬಂದು ಪ್ರಾಜೆಕ್ಟ್‌ನಲ್ಲಿ ಹೊಸ ಲೇಯರ್ ಆಗಿ, ಅಂದರೆ ಒಂದರ ಮೇಲೊಂದು ಇಟ್ಟ ಹಾಳೆಯಂಥ ಪದರವಾಗಿ ಹಾಕೋದು. ಒಂದು ಚುಕ್ಕಿಗೆ ಒಂದು ಚುಕ್ಕಿ. ಹೀಗಾಗಿಯೇ 4000 ಪಿಕ್ಸೆಲ್ ಫೋಟೋವನ್ನು 1000 ಪಿಕ್ಸೆಲ್ ಪ್ರಾಜೆಕ್ಟ್‌ಗೆ ಪೇಸ್ಟ್ ಮಾಡಿದರೆ ಮೂಗು ಮಾತ್ರ ಕಾಣುತ್ತದೆ. ಸಣ್ಣ ಫೋಟೋವನ್ನು ದೊಡ್ಡ ಪ್ರಾಜೆಕ್ಟ್‌ಗೆ ಹಾಕಿದರೆ ಅಂಚೆಚೀಟಿಯಂತೆ ಮಧ್ಯದಲ್ಲಿ ಕೂರುತ್ತದೆ. ಎರಡೂ ತಪ್ಪಲ್ಲ, ಅದು ಲೆಕ್ಕ.

ಪೇಸ್ಟ್‌ನ ನಿಜವಾದ ಅಪಾಯ ಆಮೇಲೆ ಬರುತ್ತದೆ. ಕಿಂಡಿಯ ಫೋಟೋ ಪೋಸ್ಟರ್‌ನಲ್ಲಿ 1000 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇತ್ತು ಅಂತಿಟ್ಟುಕೊಳ್ಳಿ. ಅಂದರೆ ಹತ್ತು ಲಕ್ಷ ಚುಕ್ಕಿ. ಹುಡುಗಿ ಅದನ್ನು ಮೊದಲು ಸಣ್ಣದು ಮಾಡಿ ಮೂಲೆಯಲ್ಲಿಟ್ಟಳು, 300ಕ್ಕೆ 300. ಎಂಟರ್ ಒತ್ತಿದ ಕೂಡಲೇ ಉಳಿದಿದ್ದು ತೊಂಬತ್ತು ಸಾವಿರ ಚುಕ್ಕಿ. ಮಿಕ್ಕ ಒಂಬತ್ತು ಲಕ್ಷ ಹತ್ತು ಸಾವಿರ ಚುಕ್ಕಿ ಹೋಯಿತು. ಮರುದಿನ "ಇಲ್ಲ, ದೊಡ್ಡದಿದ್ದರೇ ಚೆಂದ" ಅಂತ ಎಳೆದು ಮತ್ತೆ 1000 ಮಾಡಿದಳು. ಹೋದ ಚುಕ್ಕಿ ವಾಪಸ್ ಬರೋದಿಲ್ಲ. ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನ ಮೇಲೆ ತುಂಬುತ್ತದೆ. ಆ ಅಂದಾಜೇ ಮಂಜು.

ಮೂರನೆಯದು ಪ್ಲೇಸ್. ಫೋಟೋಶಾಪ್‌ನಲ್ಲಿ ಫೈಲ್ ಮೆನುವಿನ "ಪ್ಲೇಸ್ ಎಂಬೆಡೆಡ್" ಕ್ಲಿಕ್ ಮಾಡಿ. ಇಲ್ಲವೇ ಫೋಲ್ಡರ್‌ನಿಂದ ಫೋಟೋವನ್ನು ಎಳೆದು ಪ್ರಾಜೆಕ್ಟ್ ಮೇಲೆ ಬಿಡಿ. ಚಿತ್ರದ ಮೇಲೆ ಕತ್ತರಿ ಆಕಾರದ ಎರಡು ಗೆರೆ ಬರುತ್ತವೆ. ಅಳತೆ ಹೊಂದಿಸಿ ಎಂಟರ್ ಒತ್ತುವವರೆಗೂ ಬೇರೆ ಕೆಲಸಕ್ಕೆ ಅದು ಜಗ್ಗೋದಿಲ್ಲ. "ಸಾಫ್ಟ್‌ವೇರ್ ಹ್ಯಾಂಗ್ ಆಗಿದೆ" ಅಂದುಕೊಳ್ಳಬೇಡಿ, ಎಂಟರ್‌ಗೆ ಕಾಯುತ್ತಿರುತ್ತದೆ ಅಷ್ಟೇ.

ಹೀಗೆ ಬಂದ ಚಿತ್ರ ಸ್ಮಾರ್ಟ್ ಆಬ್ಜೆಕ್ಟ್ ಆಗಿರುತ್ತದೆ. ಹಾಗಂದರೆ ಮೂಲ ಫೋಟೋ ಪೂರ್ತಿಯಾಗಿ ಒಂದು ಡಬ್ಬಿಯಲ್ಲಿ ಭದ್ರವಾಗಿದೆ, ನಿಮಗೆ ಕಾಣುತ್ತಿರೋದು ಅದರ ಬಿಂಬ ಮಾತ್ರ. ಬಿಂಬವನ್ನು ಹೆಬ್ಬೆಟ್ಟಿನಷ್ಟು ಕುಗ್ಗಿಸಿ, ಸೇವ್ ಮಾಡಿ, ವಾರ ಬಿಟ್ಟು ಬಂದು ಮತ್ತೆ ಹಿಗ್ಗಿಸಿ. ಪ್ರತಿ ಸಲವೂ ಅದು ಡಬ್ಬಿಯೊಳಗಿನ ಮೂಲವನ್ನೇ ನೋಡಿ ಹೊಸದಾಗಿ ಬರೆಯುತ್ತದೆ. ಮೂಲದ ಅಳತೆ ದಾಟದಿದ್ದರೆ ಮಂಜಾಗೋ ಪ್ರಶ್ನೆಯೇ ಇಲ್ಲ.

ದಾಟಿದ್ದೀರೋ ಇಲ್ಲವೋ ಅಂತ ತಿಳಿಯೋದು ಹೇಗೆ? ಕಂಟ್ರೋಲ್ ಜೊತೆ ಟಿ ಒತ್ತಿ. ಮೇಲಿನ ಪಟ್ಟಿಯಲ್ಲಿ ಅಗಲ, ಎತ್ತರದ ಶೇಕಡಾ ಲೆಕ್ಕ ಕಾಣುತ್ತದೆ. ಸ್ಮಾರ್ಟ್ ಆಬ್ಜೆಕ್ಟ್ ಆದರೆ ಅಲ್ಲಿ 40, 65 ಅಂತ ನಿಜವಾದ ಲೆಕ್ಕ ನೆನಪಿಟ್ಟು ತೋರಿಸುತ್ತದೆ. ಫೋಟೋಗೂ ಪ್ರಾಜೆಕ್ಟ್‌ಗೂ ಇಂಚಿನ ಚುಕ್ಕಿ ಲೆಕ್ಕ ಒಂದೇ ಆಗಿದ್ದು, ನೂರರೊಳಗಿದ್ದರೆ ಕ್ಷೇಮ. 130 ಅಂದರೆ ಎಳೆದಿದ್ದೀರಿ, 300 ಅಂದರೆ ಒಡೆದಿದೆ. ಪೇಸ್ಟ್ ಮಾಡಿದ ಲೇಯರ್ ಆದರೆ ನೀವು ಎಷ್ಟೇ ಹಿಗ್ಗಿಸಿ ಕುಗ್ಗಿಸಿದ್ದರೂ ಅದು ಮತ್ತೆ 100 ಅಂತಲೇ ತೋರಿಸುತ್ತದೆ, ಯಾಕಂದರೆ ಹಳೆಯದು ಅದಕ್ಕೆ ನೆನಪೇ ಇರೋದಿಲ್ಲ. ನನ್ನ ಕೇಳಿದರೆ ಹೊಸಬರು ಮೊದಲು ಕಲಿಯಬೇಕಾದ್ದು ಬ್ರಷ್ಷೂ ಅಲ್ಲ, ಫಿಲ್ಟರೂ ಅಲ್ಲ, ಈ ಶೇಕಡಾ ನೋಡೋದು.

ಈ ಸೌಕರ್ಯ ಮೊದಲಿನಿಂದ ಇರಲಿಲ್ಲ. ಫೋಟೋಶಾಪ್ ಬಂದಿದ್ದು 1990ರಲ್ಲಿ. ಲೇಯರ್ ಬಂದಿದ್ದು 1994ರ ಮೂರನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅಂಟಿಸಿದ ಚಿತ್ರ ಗೋಡೆಗೆ ಬಳಿದ ಸುಣ್ಣದ ಹಾಗೆ, ಒಮ್ಮೆ ಕೂತರೆ ಕೂತಂತೆಯೇ. ಸ್ಮಾರ್ಟ್ ಆಬ್ಜೆಕ್ಟ್ ಸಿಕ್ಕಿದ್ದು 2005ರಲ್ಲಿ. ಹಳೆ ಕಾಲದಲ್ಲಿ ಕಲಿತ ಎಷ್ಟೋ ಜನ ಈಗಲೂ ಪೇಸ್ಟ್ ಮಾಡೋದೇ ಅಭ್ಯಾಸ ಮಾಡಿಕೊಂಡಿದ್ದಾರೆ. ಅವರಿಂದ ಕಲಿತ ಹುಡುಗರಿಗೂ ಅದೇ ಅಭ್ಯಾಸ ಬರುತ್ತದೆ.

ಅಂದ ಹಾಗೆ, ಅಳತೆ ಬದಲಿಸುವಾಗ ಯಾವಾಗಲೂ ಮೂಲೆ ಹಿಡಿದು ಎಳೆಯಿರಿ. ಹಳೇ ಫೋಟೋಶಾಪ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದರೆ ಮಾತ್ರ ಉದ್ದಗಲ ಹೊಂದಿಕೊಂಡು ಬದಲಾಗುತ್ತಿತ್ತು. 2019ರ ಆವೃತ್ತಿಯಿಂದ ಇದು ತಿರುವುಮುರುವಾಯಿತು. ಈಗ ಶಿಫ್ಟ್ ಒತ್ತಿದರೇ ಮುಖ ಅಗಲವಾಗೋದು. ಬೇರೆ ಬೇರೆ ಆವೃತ್ತಿಯಲ್ಲಿ ಕೆಲಸ ಮಾಡುವವರು ಹುಷಾರು.

ಮನೆಗೆ ಕರೆತರೋದು, ವಿಳಾಸ ಬರೆದಿಟ್ಟುಕೊಳ್ಳೋದು

ಮೆನುವಿನಲ್ಲಿ "ಪ್ಲೇಸ್ ಎಂಬೆಡೆಡ್" ಪಕ್ಕದಲ್ಲೇ "ಪ್ಲೇಸ್ ಲಿಂಕ್ಡ್" ಅಂತ ಇನ್ನೊಂದಿದೆ. ಎಂಬೆಡೆಡ್ ಅಂದರೆ ಫೋಟೋವನ್ನು ಮನೆಯೊಳಗೆ ಕರೆತಂದು ಇಟ್ಟುಕೊಂಡ ಹಾಗೆ. ಲಿಂಕ್ಡ್ ಅಂದರೆ ಅದರ ವಿಳಾಸ ಮಾತ್ರ ಬರೆದಿಟ್ಟುಕೊಂಡ ಹಾಗೆ. ಫೋಟೋ ತನ್ನ ಫೋಲ್ಡರ್‌ನಲ್ಲೇ ಇರುತ್ತದೆ, ಪ್ರಾಜೆಕ್ಟ್ ಅದನ್ನು ಅಲ್ಲಿಂದ ನೋಡಿ ತೋರಿಸುತ್ತದೆ.

ಆಲ್ಬಂ ಕೆಲಸದಲ್ಲಿ ಲಿಂಕ್ಡ್ ತುಂಬ ಉಪಯೋಗಕ್ಕೆ ಬರುತ್ತದೆ. 12 ಇಂಚು, 36 ಇಂಚಿನ ಒಂದೊಂದು ಶೀಟಿನಲ್ಲಿ ಎಂಟೋ ಹತ್ತೋ ಫೋಟೋ, ಹಾಗೆ ನಲವತ್ತು ಶೀಟು. ಎಲ್ಲವನ್ನೂ ಎಂಬೆಡ್ ಮಾಡುತ್ತಾ ಹೋದರೆ ಒಂದೊಂದು ಫೈಲೂ ಆನೆಯಷ್ಟಾಗುತ್ತದೆ. ಲಿಂಕ್ ಮಾಡಿದರೆ ಫೈಲ್ ಹಗುರ. ಮೂಲ ಫೋಟೋದಲ್ಲಿ ಬಣ್ಣ ಸರಿ ಮಾಡಿ ಸೇವ್ ಮಾಡಿದರೆ ತೆರೆದಿರುವ ಶೀಟುಗಳಲ್ಲಿ ತಾನೇ ಹೊಸ ಬಣ್ಣ ಬರುತ್ತದೆ, ಮುಚ್ಚಿದ್ದನ್ನು ಆಮೇಲೆ ತೆರೆದಾಗ ಅಪ್‌ಡೇಟ್ ಮಾಡಬೇಕು.

ಆದರೆ ವಿಳಾಸ ತಪ್ಪಿದರೆ ಮುಗೀತು. ಕೆಲಸ ಶುರು ಮಾಡಿದ ಹೊಸತರಲ್ಲಿ ನಾನು ಒಂದು ಮದುವೆಯ ಸ್ವಾಗತ ಬೋರ್ಡ್ ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ಮುಗಿಸಿ, ಪ್ರಾಜೆಕ್ಟ್ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೆಳಗ್ಗೆ ಪ್ರೆಸ್‌ಗೆ ಹೋದೆ. ಅಲ್ಲಿ ತೆರೆದರೆ ಹೂವಿನ ಚೌಕಟ್ಟಿದೆ, ಹೆಸರಿದೆ, ಮದುಮಕ್ಕಳ ಫೋಟೋ ಲಿಂಕ್ ಸಿಗುತ್ತಿಲ್ಲ ಅಂತ ಎಚ್ಚರಿಕೆ. ಫೋಟೋ ನನ್ನ ಮನೆಯ ಕಂಪ್ಯೂಟರ್‌ನಲ್ಲಿತ್ತು. ಮುಹೂರ್ತಕ್ಕೆ ಎರಡು ಗಂಟೆ. ಹೋಗಿ ತಂದು, ಕಲ್ಯಾಣ ಮಂಟಪದ ಬಾಗಿಲಿಗೆ ಬೋರ್ಡ್ ನಿಲ್ಲಿಸುವಷ್ಟರಲ್ಲಿ ಅರ್ಧ ನೆಂಟರು ಒಳಗೆ ಹೋಗಿದ್ದರು. ಮದುಮಗಳ ತಂದೆ ಏನೂ ಅನ್ನಲಿಲ್ಲ. ಅವರ ಮುಖ ಇವತ್ತಿಗೂ ನನಗೆ ನೆನಪಿದೆ.

ಹಾಗಾಗಿ ಲಿಂಕ್ ಮಾಡಿದ ಪ್ರಾಜೆಕ್ಟ್ ಬೇರೆ ಕಡೆ ಒಯ್ಯುವಾಗ ಫೈಲ್ ಮೆನುವಿನಲ್ಲಿ "ಪ್ಯಾಕೇಜ್" ಒತ್ತಿ. ಪ್ರಾಜೆಕ್ಟ್ ಮತ್ತು ಅದಕ್ಕೆ ಬೇಕಾದ ಫೋಟೋಗಳನ್ನೆಲ್ಲ ಒಂದೇ ಫೋಲ್ಡರ್‌ಗೆ ಜೋಡಿಸಿ ಕೊಡುತ್ತದೆ. ಒಂದೆರಡು ಫೋಟೋದ ಪೋಸ್ಟರ್, ಪತ್ರಿಕೆಗಳಿಗೆ ಇದರ ಗೊಡವೆಯೇ ಬೇಡ, ಎಂಬೆಡ್ ಮಾಡಿಬಿಡಿ.

ಬಣ್ಣ ಮತ್ತು ಫೈಲ್‌ನ ಜಾತಿ

ಬಣ್ಣದ ಫೋಟೋ ತಂದರೂ ಕಪ್ಪುಬಿಳುಪಾಗಿ ಬರುತ್ತಿದ್ದರೆ ಫೋಟೋದ ತಪ್ಪಲ್ಲ, ಪ್ರಾಜೆಕ್ಟ್ ಗ್ರೇಸ್ಕೇಲ್ ಮೋಡ್‌ನಲ್ಲಿದೆ ಅಂತ ಅರ್ಥ. ಇಮೇಜ್ ಮೆನುವಿನ ಮೋಡ್‌ನಲ್ಲಿ ಆರ್‌ಜಿಬಿ (ಸ್ಕ್ರೀನ್‌ನ ಬಣ್ಣದ ಲೆಕ್ಕ) ಮಾಡಿ, ಫೋಟೋ ಮತ್ತೆ ತನ್ನಿ. ಪ್ರೆಸ್ ಕೆಲಸಕ್ಕೆ ಸಿಎಂವೈಕೆ (ನಾಲ್ಕು ಇಂಕಿನ ಬಣ್ಣದ ಲೆಕ್ಕ) ಪ್ರಾಜೆಕ್ಟ್ ಮಾಡಿದ್ದರೆ ಗಿಳಿಹಸಿರು ಸೀರೆ, ಮಿಂಚುವ ನೀಲಿ ಸ್ವಲ್ಪ ಮಂಕಾಗಿ ಬರುತ್ತವೆ. ಸ್ಕ್ರೀನ್ ಬೆಳಕಿನಲ್ಲಿ ಬರೆಯುತ್ತದೆ, ಪ್ರೆಸ್ ಇಂಕಿನಲ್ಲಿ ಬರೆಯುತ್ತದೆ. ಬೆಳಕಿನ ಹೊಳಪೆಲ್ಲ ಇಂಕಿಗೆ ಸಿಗೋದಿಲ್ಲ. ಗಿರಾಕಿಗೆ ಮೊದಲೇ ಹೇಳಿಬಿಡಿ.

ಹಿನ್ನೆಲೆ ಇಲ್ಲದ ಚಿತ್ರ ಬೇಕಾದರೆ ಪಿಎನ್‌ಜಿ ಅನ್ನೋ ಬಗೆಯ ಫೈಲ್ ಬೇಕು. ಜೆಪೆಗ್‌ನಲ್ಲಿ ಪಾರದರ್ಶಕ ಅನ್ನೋದೇ ಇಲ್ಲ. ಇಲ್ಲೊಂದು ಮೋಸ ಇದೆ. ಇಂಟರ್ನೆಟ್‌ನಲ್ಲಿ ದೇವರ ಚಿತ್ರವನ್ನೋ ಹೂವಿನ ಬಾರ್ಡರನ್ನೋ ಹುಡುಕಿ ಇಳಿಸಿಕೊಂಡರೆ, ಹಿಂದೆ ಬೂದು ಬಿಳಿ ಚದುರಂಗದ ಮನೆ ಕಾಣುತ್ತದೆ, ಪಾರದರ್ಶಕ ಅನ್ನಿಸುತ್ತದೆ. ಪ್ರಾಜೆಕ್ಟ್‌ಗೆ ತಂದರೆ ಆ ಮನೆಗಳೂ ಜೊತೆಗೇ ಬರುತ್ತವೆ. ಅದು ನಿಜವಾದ ಪಾರದರ್ಶಕ ಅಲ್ಲ, ಚೌಕಗಳನ್ನೇ ಚಿತ್ರದಲ್ಲಿ ಬರೆದಿರುತ್ತಾರೆ. ಜೊತೆಗೆ ಯಾರೋ ಕಷ್ಟಪಟ್ಟು ಮಾಡಿದ್ದನ್ನು ಕೇಳದೆ ಎತ್ತಿಕೊಂಡಂತೆಯೂ ಆಗುತ್ತದೆ. ಚಿತ್ರದುರ್ಗದ ಹುಡುಗಿಗೆ ಕೋಟೆಯ ಫೋಟೋ ಇಂಟರ್ನೆಟ್‌ನಿಂದ ಯಾಕೆ ಬೇಕು, ಬೆಟ್ಟ ಮನೆ ಹಿಂದೆಯೇ ಇದೆಯಲ್ವಾ?

ಓಬವ್ವನನ್ನು ಬಂಡೆ ಮುಂದೆ ನಿಲ್ಲಿಸಿದ್ದು

ಈಗ ಕಷ್ಟದ ಕೆಲಸ. ವೇಷ ಹಾಕಿದ ಹುಡುಗಿಯನ್ನು ಅವಳ ಮನೆಯ ಹಾಲ್‌ನಿಂದ ಕತ್ತರಿಸಿ ಕೋಟೆಯ ಮುಂದೆ ನಿಲ್ಲಿಸಬೇಕು.

ಅವಳು ಹಿನ್ನೆಲೆಯನ್ನು ಇರೇಸರ್‌ನಿಂದ ಉಜ್ಜಿ ತೆಗೆದಿದ್ದಳು. ಉಜ್ಜುವಾಗ ಒನಕೆಯ ತುದಿಯೂ ಹೋಗಿತ್ತು. ಇರೇಸರ್ ಚುಕ್ಕಿಯನ್ನೇ ಅಳಿಸುತ್ತದೆ. ಅದರ ಬದಲು ಮಾಸ್ಕ್ ಬಳಸಬೇಕು. ಮಾಸ್ಕ್ ಅಂದರೆ ಲೇಯರ್ ಮುಂದೆ ಇಳಿಬಿಟ್ಟ ಪರದೆ. ಪರದೆಯ ಮೇಲೆ ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದ ಕಡೆ ಕಾಣುತ್ತದೆ, ಬೂದು ಬಳಿದರೆ ಅರೆಬರೆ ಕಾಣುತ್ತದೆ. ಚಿತ್ರಕ್ಕೆ ಏನೂ ಆಗೋದಿಲ್ಲ. ಫೋಟೋಶಾಪ್‌ನಲ್ಲಿ "ಸೆಲೆಕ್ಟ್ ಸಬ್ಜೆಕ್ಟ್" ಒತ್ತಿದರೆ ಮನುಷ್ಯರ ಆಕಾರವನ್ನು ಅದೇ ಹುಡುಕುತ್ತದೆ. ಆಮೇಲೆ ಲೇಯರ್ ಪಟ್ಟಿಯ ಕೆಳಗಿನ ಮಾಸ್ಕ್ ಗುರುತು ಒತ್ತಿ. ಹುಡುಗಿ ಚೆನ್ನಾಗೇ ಬಂದಳು, ಒನಕೆ ಮಾತ್ರ ಅರ್ಧ ಬಂತು. ತೆಳ್ಳಗಿನ ವಸ್ತುಗಳಲ್ಲಿ ಅದು ಹೀಗೆ ತಪ್ಪುತ್ತದೆ. ಬಿಳಿ ಬ್ರಷ್ ತೆಗೆದುಕೊಂಡು ಮಾಸ್ಕ್ ಮೇಲೆ ಒನಕೆಯ ಉದ್ದಕ್ಕೆ ಬಳಿದೆ. ಮುಚ್ಚಿದ್ದ ಒನಕೆ ಹಾಗೆಯೇ ಹೊರಗೆ ಬಂತು. ಇರೇಸರ್ ಆಗಿದ್ದರೆ ಇದು ಸಾಧ್ಯವಿರಲಿಲ್ಲ.

ಕತ್ತರಿಸಿದ್ದೇನೋ ಸರಿಹೋಯಿತು. ಆದರೂ ಅವಳು ಕೋಟೆಯಲ್ಲಿ ನಿಂತಂತೆ ಕಾಣಲಿಲ್ಲ, ಕೋಟೆಯ ಕ್ಯಾಲೆಂಡರ್ ಮುಂದೆ ನಿಂತಂತೆ ಕಂಡಳು. ಯಾಕೆ ಅಂತ ಕೂತು ನೋಡಿದೆ. ಕೋಟೆಯ ಫೋಟೋ ಸಂಜೆ ನಾಲ್ಕೂವರೆಯದು. ಬಿಸಿಲು ಎಡಗಡೆಯಿಂದ ಬೀಳುತ್ತಿದೆ. ಬಂಡೆಗಳ ಎಡಮೈ ಬೆಲ್ಲದ ಬಣ್ಣ, ಬಲಮೈ ನೆರಳು. ಹುಡುಗಿಯ ಮೇಲೆ ಬಿದ್ದಿರೋದು ಟ್ಯೂಬ್‌ಲೈಟ್. ಬಿಳಿಚಿದ ನೀಲಿ ಬೆಳಕು, ಅದೂ ಬಲಗಡೆಯಿಂದ. ಸಾಲದ್ದಕ್ಕೆ ಕಾಲ ಕೆಳಗೆ ನೆರಳಿಲ್ಲ. ನೋಡುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಬರದಿದ್ದರೂ, "ಏನೋ ಸರಿಯಿಲ್ಲ" ಅಂತ ಕಣ್ಣು ಹೇಳಿಬಿಡುತ್ತದೆ.

ಬೆಳಕಿನ ದಿಕ್ಕು ಹೊಂದಿಸಲು ಫೋಟೋ ತಿರುಗಿಸಿಬಿಡೋಣ, ಫ್ಲಿಪ್ ಮಾಡೋಣ ಅನ್ನಿಸುತ್ತದೆ. ಮಾಡಬೇಡಿ. ಎಡ ಹೆಗಲ ಮೇಲಿನ ಸೆರಗು ಬಲ ಹೆಗಲಿಗೆ ಹೋಗುತ್ತದೆ. ಅಂಗಿಯ ಮೇಲಿನ ಅಕ್ಷರ ಉಲ್ಟಾ ಆಗುತ್ತದೆ. ದೇವರ ಫೋಟೋ ಆದರಂತೂ ಇನ್ನೂ ಕಷ್ಟ. ಹರಿಹರದ ಹರಿಹರೇಶ್ವರನ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಆ ಫೋಟೋವನ್ನು ಫ್ಲಿಪ್ ಮಾಡಿದರೆ ಹರಿ ಇದ್ದ ಕಡೆ ಹರ, ಹರ ಇದ್ದ ಕಡೆ ಹರಿ. ಭಕ್ತರು ಮೊದಲ ನೋಟಕ್ಕೇ ಹಿಡಿಯುತ್ತಾರೆ, ಹಿಡಿಯಬೇಕಾದ್ದೂ ಸರಿಯೇ.

ಸಾಫ್ಟ್‌ವೇರ್‌ನಲ್ಲಿ ಮಾಡಬಹುದಾದ್ದು ಇಷ್ಟು. ಹುಡುಗಿಯ ಲೇಯರ್ ಮೇಲೆ ಕರ್ವ್ಸ್ ಲೇಯರ್ (ಬೆಳಕು, ಬಣ್ಣ ಏರಿಸಿ ಇಳಿಸುವ ಲೇಯರ್) ಹಾಕಿ, ಎರಡರ ನಡುವಿನ ಗೆರೆಯ ಮೇಲೆ ಆಲ್ಟ್ ಒತ್ತಿ ಕ್ಲಿಕ್ ಮಾಡಿ. ಆಗ ಬದಲಾವಣೆ ಅವಳಿಗೆ ಮಾತ್ರ ತಾಗುತ್ತದೆ, ಕೋಟೆಗೆ ತಾಗೋದಿಲ್ಲ. ನೀಲಿ ಸ್ವಲ್ಪ ಇಳಿಸಿ, ಕೆಂಪು ಕೊಂಚ ಏರಿಸಿ. ಇನ್ನೊಂದು ಕರ್ವ್ಸ್‌ನಲ್ಲಿ ಅವಳನ್ನು ಕಪ್ಪು ಮಾಡಿ, ಮಾಸ್ಕ್‌ನಲ್ಲಿ ಎಡಗಡೆ ಮರೆಮಾಡಿ, ಬಲಗಡೆ ಮಾತ್ರ ಉಳಿಸಿ. ಅವಳ ಕೆಳಗೆ ಒಂದು ಖಾಲಿ ಲೇಯರ್ ಸೇರಿಸಿ, ಅದರ ಮೋಡ್ ಮಲ್ಟಿಪ್ಲೈ (ಕೆಳಗಿನದನ್ನು ಕಪ್ಪಾಗಿಸುವ ಮೋಡ್) ಮಾಡಿ, ಮೆತ್ತನೆಯ ಬ್ರಷ್‌ನಿಂದ ನೆರಳು ಬಳಿಯಿರಿ. ಪಾದ ನೆಲಕ್ಕೆ ತಾಗುವಲ್ಲಿ ಗಾಢ, ಬಲಕ್ಕೆ ಹೋಗುತ್ತಾ ತೆಳು. ನೆರಳು ಬಿದ್ದ ಕೂಡಲೇ ಮನುಷ್ಯ ನೆಲಕ್ಕೆ ಇಳಿಯುತ್ತಾನೆ. ನನಗೆ ಈ ಕೆಲಸದಲ್ಲಿ ಈಗಲೂ ಖುಷಿ ಕೊಡೋದು ಆ ಕ್ಷಣವೇ.

ಆದರೂ ಅರ್ಧ ಗಂಟೆ ಒದ್ದಾಡಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. "ನಾಳೆ ನಾಲ್ಕೂವರೆಗೆ ಅವಳನ್ನು ತಾರಸಿ ಮೇಲೆ ನಿಲ್ಲಿಸು. ಬಿಸಿಲು ಫೋಟೋದಲ್ಲಿ ಎಡಗಡೆ ಬರಬೇಕು. ಮೊಬೈಲ್ ಅವಳ ಎದೆ ಮಟ್ಟಕ್ಕೆ ಹಿಡಿ, ಮೇಲಿನಿಂದ ತೆಗೀಬೇಡ" ಅಂದೆ. ಹತ್ತು ನಿಮಿಷದ ಕೆಲಸ. ಹೊಸ ಫೋಟೋದಲ್ಲಿ ಬಿಸಿಲೇ ಎಲ್ಲ ಹೊಂದಿಸಿ ಕೊಟ್ಟಿತ್ತು. ನಾನು ಮಾಸ್ಕ್ ಮಾಡಿ ನೆರಳು ಬಳಿದೆ, ಅಷ್ಟೇ. ಸೇರಿಸುವ ಚಿತ್ರವನ್ನು ಸೇರುವ ಜಾಗ ನೋಡಿಕೊಂಡು ತೆಗೆದರೆ ಸಾಫ್ಟ್‌ವೇರ್‌ಗೆ ಕೆಲಸವೇ ಇರೋದಿಲ್ಲ.

ಫೋಟೋಶಾಪ್ ಇಲ್ಲದವರಿಗೆ

ದುಡ್ಡು ಕಟ್ಟಿ ಫೋಟೋಶಾಪ್ ತಗೊಳ್ಳಲೇಬೇಕು ಅಂತ ಏನಿಲ್ಲ. ಹುಡುಗಿ ಬಳಸಿದ್ದು ಫೋಟೋಪಿಯಾ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗೋದಿಲ್ಲ, ಮೆನು ಹೆಚ್ಚು ಕಮ್ಮಿ ಫೋಟೋಶಾಪ್‌ನದ್ದೇ. ಅಲ್ಲಿ "ಓಪನ್ ಅಂಡ್ ಪ್ಲೇಸ್" ಅಂತ ಇದೆ. ಸ್ಮಾರ್ಟ್ ಆಬ್ಜೆಕ್ಟ್ ಕೂಡ ಇದೆ. ಅವಳಿಗೆ ಅದು ಗೊತ್ತಿರಲಿಲ್ಲ ಅಷ್ಟೇ.

ಜಿಂಪ್ ಪೂರ್ತಿ ಉಚಿತ, ತುಂಬ ಶಕ್ತಿಯುಳ್ಳದ್ದು. ಅಲ್ಲಿ ಫೈಲ್ ಮೆನುವಿನ "ಓಪನ್ ಆಸ್ ಲೇಯರ್ಸ್" ಬಳಸಿ, ಇಲ್ಲವೇ ಫೋಟೋವನ್ನು ಎಳೆದು ತಂದು ಬಿಡಿ. ಹಳೆಯ 2.10ರಲ್ಲಿ ಪೇಸ್ಟ್ ಮಾಡಿದರೆ ಚಿತ್ರ ಎಲ್ಲಿಯೂ ನಿಲ್ಲದೆ ತೇಲುತ್ತಿರುತ್ತದೆ. ಅದನ್ನು ಹೊಸ ಲೇಯರ್ ಮಾಡುವವರೆಗೂ ಬೇರೆ ಯಾವ ಲೇಯರ್‌ಗೂ ಕೈ ಹಾಕಲು ಬಿಡೋದಿಲ್ಲ. 2025ರಲ್ಲಿ ಬಂದ 3.0ದಲ್ಲಿ ಈ ಕಾಟ ತಪ್ಪಿ, ನೇರ ಹೊಸ ಲೇಯರ್ ಆಗಿಯೇ ಬರುತ್ತದೆ. ಆದರೆ ಹೀಗೆ ತಂದ ಮಾಮೂಲಿ ಲೇಯರ್‌ಗೆ ಮೂಲದ ನೆನಪಿರೋದಿಲ್ಲ. ಕುಗ್ಗಿಸಿದರೆ ಚುಕ್ಕಿ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಅಳತೆ ಬದಲಿಸುವ ಮೊದಲು ಆ ಲೇಯರ್‌ನ ಒಂದು ನಕಲು ಮಾಡಿ, ಕಣ್ಣಿನ ಗುರುತು ಒತ್ತಿ ಮರೆ ಮಾಡಿಟ್ಟುಕೊಳ್ಳಿ. ಬೇಕಾದಾಗ ಅದರಿಂದಲೇ ಮತ್ತೆ ಶುರು ಮಾಡಬಹುದು.

ಯಾವುದರಲ್ಲಿ ಮಾಡಿದರೂ ಪ್ರಾಜೆಕ್ಟ್ ಫೈಲ್ ಬೇರೆ, ಪ್ರಿಂಟ್‌ಗೆ ಕೊಡುವ ಫೈಲ್ ಬೇರೆ. ಪ್ರಾಜೆಕ್ಟ್ ಫೈಲ್ ಅಂದರೆ ಫೋಟೋಶಾಪ್, ಫೋಟೋಪಿಯಾದಲ್ಲಿ ಪಿಎಸ್‌ಡಿ, ಜಿಂಪ್‌ನಲ್ಲಿ ಎಕ್ಸ್‌ಸಿಎಫ್. ಲೇಯರ್, ಮಾಸ್ಕ್, ಡಬ್ಬಿಯೊಳಗಿನ ಮೂಲ ಫೋಟೋ ಉಳಿಯೋದು ಪ್ರಾಜೆಕ್ಟ್ ಫೈಲ್‌ನಲ್ಲಿ ಮಾತ್ರ. ಜೆಪೆಗ್ ಒಂದನ್ನೇ ಇಟ್ಟುಕೊಂಡು ಪ್ರಾಜೆಕ್ಟ್ ಅಳಿಸಿದರೆ ಮತ್ತೆ ಒಂದಕ್ಷರ ಬದಲಿಸಲೂ ಆಗೋದಿಲ್ಲ.

ಪೋಸ್ಟರ್ ಮುಗಿಯಿತು ಅಂದುಕೊಂಡ ಭಾನುವಾರ ಅವಳಿಂದ ಮತ್ತೆ ಫೋನ್ ಬಂತು. ಕಿಂಡಿಯ ಹಳೆ ಫೋಟೋದಲ್ಲಿ ಒಳಗೆಲ್ಲ ಕತ್ತಲೆ, ಬಂಡೆಯ ಬಿರುಕೇ ಸರಿಯಾಗಿ ಕಾಣೋದಿಲ್ಲ ಅಂತ ಬೆಳಗ್ಗೆ ಅಪ್ಪನ ಜೊತೆ ಕೋಟೆ ಹತ್ತಿ ಹೊಸದು ತೆಗೆದುಕೊಂಡು ಬಂದಿದ್ದಳು. "ಮಾಮ, ಚೌಕಟ್ಟು, ನೆರಳು, ಎಲ್ಲ ಮೊದಲಿಂದ ಮಾಡಬೇಕಾ?" ಅಂತ ಕೇಳಿದಳು. ಈ ಸಲ ಕಿಂಡಿಯನ್ನೂ ಪ್ಲೇಸ್ ಮಾಡಿದ್ದರಿಂದ ಅದು ಸ್ಮಾರ್ಟ್ ಆಬ್ಜೆಕ್ಟ್ ಆಗಿತ್ತು. ಆ ಲೇಯರ್ ಆರಿಸಿ "ರೀಪ್ಲೇಸ್ ಕಂಟೆಂಟ್ಸ್" ಒತ್ತು, ಹೊಸ ಫೋಟೋ ಆರಿಸು ಅಂದೆ. ಫೋನ್ ಕಿವಿಯಲ್ಲೇ ಇತ್ತು. ಎರಡು ಕ್ಲಿಕ್ ಶಬ್ದ ಕೇಳಿಸಿತು. ಆಮೇಲೆ, "ಅಯ್ಯೋ, ಅದೇ ಜಾಗದಲ್ಲೇ ಬಂತು!"